ಮನೆಯ ಹಳೇ ಮಿಲಿಟರಿ ಫೋಟೋದಲ್ಲಿ ಏನೇನು ನೋಡಬೇಕು?

ಕೊಡಗು, ಮೈಸೂರು, ಬೆಂಗಳೂರು, ಬೆಳಗಾವಿ ಕಡೆ ಎಷ್ಟೋ ಮನೆಗಳಲ್ಲಿ ಒಂದು ಮಿಲಿಟರಿ ಫೋಟೋ ಇರುತ್ತದೆ. ಅಜ್ಜನದೋ, ಮುತ್ತಜ್ಜನದೋ, ಅಜ್ಜಿಯ ಅಣ್ಣನದೋ. ಯಾವ ಯುದ್ಧ ಅಂತ ಕೇಳಿದರೆ ಮನೆಯಲ್ಲಿ ಒಬ್ಬರು ಬರ್ಮಾ ಅನ್ನುತ್ತಾರೆ, ಇನ್ನೊಬ್ಬರು ಮೆಸಪೊಟೇಮಿಯಾ ಅನ್ನುತ್ತಾರೆ. ಬರ್ಮಾ ಎರಡನೇ ಮಹಾಯುದ್ಧದ್ದು, ಮೆಸಪೊಟೇಮಿಯಾ (ಈಗಿನ ಇರಾಕ್) ಮೊದಲನೆಯದ್ದು, ಎರಡರ ನಡುವೆ ಸುಮಾರು 25 ವರ್ಷದ ಅಂತರ ಇದೆ. ಇಂಥ ಜಗಳವನ್ನು ಬಹಳ ಸಲ ಫೋಟೋದಿಂದಲೇ ಬಿಡಿಸಬಹುದು. ಆದರೆ ಸುಮ್ನೆ ದಿಟ್ಟಿಸಿ ನೋಡಿದರೆ ಆಗುವುದಿಲ್ಲ, ನೋಡುವುದಕ್ಕೆ ಒಂದು ಕ್ರಮ ಬೇಕು.

ಮೊದಲು ಫೋಟೋವನ್ನು ಫ್ರೇಮಿನಿಂದ ತೆಗೆಯಿರಿ. ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಎಳೆಯಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. 600 ಡಿಪಿಐ ಸಾಕು, ಅಂಗೈಗಿಂತ ಚಿಕ್ಕ ಪ್ರಿಂಟ್ ಆದರೆ 1200 ಇಡಿ, ಫೈಲನ್ನು ಟಿಫ್ ಆಗಿ ಉಳಿಸಿ. ಹಿಂಭಾಗವನ್ನೂ ಸ್ಕ್ಯಾನ್ ಮಾಡಲೇಬೇಕು. ಸ್ಟುಡಿಯೋದ ಮೊಹರು, ಊರಿನ ಹೆಸರು, ಪೆನ್ಸಿಲಲ್ಲಿ ಗೀಚಿದ ನಂಬರು ಎಲ್ಲ ಅಲ್ಲೇ ಇರುತ್ತವೆ. ಸಂಬಂಧಿಕರ ಹತ್ತಿರ ಇರುವ ಫೋಟೋ ಬೇಕಾದರೆ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿ, ಇಲ್ಲದಿದ್ದರೆ ಬ್ಯಾಡ್ಜಿನ ಅಕ್ಷರಗಳೆಲ್ಲ ಕಲಸಿಹೋಗುತ್ತವೆ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಹಳೇ ಫೋಟೋವನ್ನು ಚೆಂದ ಮಾಡಿಕೊಡುವ ಎಐ ಆ್ಯಪ್‌ಗಳಿಗೆ ಹಾಕಿದ ಚಿತ್ರವನ್ನು ಅಧ್ಯಯನಕ್ಕೆ ಬಳಸಬೇಡಿ. ಅವು ಮಸುಕಾದ ಜಾಗದಲ್ಲಿ ತಮಗೆ ತೋಚಿದ ಗುಂಡಿ, ತಮಗೆ ತೋಚಿದ ಪದಕ ತುಂಬುತ್ತವೆ. ಬಣ್ಣ ಹಚ್ಚುವ ಆ್ಯಪ್‌ಗಳೂ ಅಷ್ಟೇ, ಪದಕದ ರಿಬ್ಬನ್ನಿನ ಬಣ್ಣ ಅವಕ್ಕೆ ಗೊತ್ತಿಲ್ಲ. ಕಾಂಟ್ರಾಸ್ಟ್ ಸ್ವಲ್ಪ ಹೆಚ್ಚು ಕಡಿಮೆ ಮಾಡಿ ನೋಡಿ, ಅದಕ್ಕಿಂತ ಮುಂದೆ ಹೋಗಬೇಡಿ.

ಈಗ ಚಿತ್ರ ಎಡಬಲ ತಿರುಗಿದೆಯಾ ನೋಡಿ. ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ಹಾಕಿರುವುದು ಉಂಟು. ಪದಕಗಳು ಸೈನಿಕನ ಎಡ ಎದೆಯ ಮೇಲೆ, ಅಂದರೆ ನೋಡುವ ನಮಗೆ ಬಲಗಡೆ ಇರಬೇಕು. ಗಂಡಸರ ಕೋಟಿನಲ್ಲಿ ಎಡಗಡೆಯ ಅಂಚು ಮೇಲೆ ಬರುತ್ತದೆ. ರೈಫಲ್ಲಿನ ಬೋಲ್ಟ್ ಹಿಡಿ ಬಂದೂಕಿನ ಬಲಕ್ಕಿರುತ್ತದೆ. ಮೂರೂ ತಿರುಗಿದ್ದರೆ ಚಿತ್ರವೇ ತಿರುಗಿದೆ ಎಂದು ಅರ್ಥ, ಮುಂದಿನದನ್ನೆಲ್ಲ ತಿರುಗಿಸಿಕೊಂಡೇ ಓದಿ.

ಕಪ್ಪು ಬಿಳುಪಿನ ವಿಷಯದಲ್ಲಿ ಜನ ಜಾಸ್ತಿ ಎಡವುತ್ತಾರೆ. ಮೊದಲ ಮಹಾಯುದ್ಧದ ಕಾಲದ ಹೆಚ್ಚಿನ ಪ್ಲೇಟ್ ಮತ್ತು ಫಿಲ್ಮುಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಹಾಗಾಗಿ ಕೆಂಪು ಕಪ್ಪಾಗಿ ಬೀಳುತ್ತದೆ, ನೀಲಿ ಬಿಳಿಚಿಕೊಳ್ಳುತ್ತದೆ, ಹಳದಿಯೂ ನಾವು ಎಣಿಸುವುದಕ್ಕಿಂತ ಗಾಢವಾಗುತ್ತದೆ. ಲ್ಯಾನ್ಸರ್‌ಗಳ, ಅಂದರೆ ಭರ್ಜಿ ಹಿಡಿದ ಕುದುರೆ ಸವಾರರ, ಭರ್ಜಿಯ ತುದಿಯ ಬಾವುಟ ಮೇಲೆ ಕೆಂಪು, ಕೆಳಗೆ ಬಿಳಿ. ಫೋಟೋದಲ್ಲಿ ಅದು ಕಪ್ಪು ಬಿಳಿ ಬಾವುಟದ ಹಾಗೇ ಕಾಣುತ್ತದೆ. ಮೊದಲ ಮಹಾಯುದ್ಧದ ವಿಕ್ಟರಿ ಮೆಡಲ್‌ನ ರಿಬ್ಬನ್ನಿನಲ್ಲಿ ಕಾಮನಬಿಲ್ಲಿನ ಬಣ್ಣಗಳಿವೆ, ನಡುವೆ ಕೆಂಪು, ಅಂಚಿಗೆ ನೇರಳೆ. ಹಳೇ ಫಿಲ್ಮಿನಲ್ಲಿ ಅದರ ನಡುಭಾಗ ಕಪ್ಪಗಾಗಿ ಅಂಚು ತೆಳುವಾಗುತ್ತದೆ. ಎಲ್ಲ ಬಣ್ಣವನ್ನೂ ಹಿಡಿಯುವ ಫಿಲ್ಮು ಸಾಮಾನ್ಯವಾದದ್ದು 1930ರ ದಶಕದಿಂದ ಈಚೆಗೆ.

ಆಮೇಲೆ ತಲೆಯಿಂದ ಕಾಲಿನವರೆಗೆ ಒಂದೊಂದೇ ನೋಡುತ್ತಾ ಬನ್ನಿ. ಕಂಡದ್ದನ್ನು ಕಂಡ ಹಾಗೆ ಬರೆದುಕೊಳ್ಳಿ, ಹೆಸರು ಕೊಡುವುದು ಆಮೇಲೆ. 'ಹವಾಲ್ದಾರ' ಅಂತ ಬರೆಯಬೇಡಿ, 'ಬಲ ತೋಳಿನ ಮೇಲ್ಭಾಗದಲ್ಲಿ ಮೂರು ಪಟ್ಟಿ, ಚೂಪು ಕೆಳಗೆ' ಅಂತ ಬರೆಯಿರಿ. ಯಾಕೆಂದರೆ ಪಟ್ಟಿ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಅನ್ನುವುದರ ಮೇಲೆ ಅರ್ಥವೇ ಬದಲಾಗುತ್ತದೆ. ತೋಳಿನ ಮೇಲ್ಭಾಗದಲ್ಲಿ ಚೂಪು ಕೆಳಗಿದ್ದರೆ ಅದು ಹುದ್ದೆ. ಪದಾತಿ ದಳದಲ್ಲಿ ಒಂದು ಪಟ್ಟಿ ಲಾನ್ಸ್ ನಾಯಕ್, ಎರಡು ನಾಯಕ್, ಮೂರು ಹವಾಲ್ದಾರ್. ಎಡಗೈಯ ಮುಂದೋಳಿನಲ್ಲಿ ಚೂಪು ಮೇಲಿದ್ದರೆ ಅದು ಒಳ್ಳೇ ನಡತೆಯ ಪಟ್ಟಿ. ಎಡ ಮುಂದೋಳಿನಲ್ಲಿ ಸಣ್ಣ ನೆಟ್ಟಗಿನ ಲೋಹದ ಗೀಟು ಕಂಡರೆ ಗಾಯದ ಗುರುತು, ಅದು ಬಂದದ್ದು 1916ರಲ್ಲಿ.

ಭುಜದ ಪಟ್ಟಿಯ ತುದಿಯಲ್ಲಿ ಹಿತ್ತಾಳೆಯ ಅಕ್ಷರವೋ ಅಂಕಿಯೋ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಬ್ರಿಟಿಷ್ ಇಂಡಿಯನ್ ಆರ್ಮಿಯ ರೆಜಿಮೆಂಟುಗಳ ನಂಬರು 1922ರಲ್ಲಿ ದೊಡ್ಡ ಪ್ರಮಾಣದಲ್ಲಿ ಬದಲಾಯಿತು. ಉದಾಹರಣೆಗೆ, 73ನೇ ಕರ್ನಾಟಿಕ್ ಇನ್ಫೆಂಟ್ರಿ ಅನ್ನುವುದು ಆಗ 3ನೇ ಮದ್ರಾಸ್ ರೆಜಿಮೆಂಟಿನ 1ನೇ ಬೆಟಾಲಿಯನ್ ಆಯಿತು. ಆ ರೆಜಿಮೆಂಟನ್ನೂ 1920ರ ದಶಕದ ಕೊನೆಯಲ್ಲಿ ಮುಚ್ಚಿದರು, ಎರಡನೇ ಮಹಾಯುದ್ಧದಲ್ಲಿ ಮದ್ರಾಸ್ ರೆಜಿಮೆಂಟನ್ನು ಮತ್ತೆ ಕಟ್ಟಿದರು. ಹಾಗಾಗಿ ಭುಜದ ಮೇಲಿನ ಆ ಹಳೇ ನಂಬರು ಫೋಟೋ ಯಾವ ಕಾಲದ್ದು ಅಂತ ಹೇಳಿಬಿಡುತ್ತದೆ. ಎರಡನೇ ಮಹಾಯುದ್ಧದ ಫೋಟೋ ಆದರೆ ತೋಳಿನ ಮೇಲ್ಭಾಗದ ಬಟ್ಟೆಯ ಚಿಹ್ನೆ ನೋಡಿ. ಹದ್ದು ಇದ್ದರೆ 4ನೇ ಇಂಡಿಯನ್ ಡಿವಿಷನ್, ಅವರು ಉತ್ತರ ಆಫ್ರಿಕಾ ಮತ್ತು ಇಟಲಿಯಲ್ಲಿ ಹೋರಾಡಿದವರು. ಕರೀ ಬೆಕ್ಕು ಇದ್ದರೆ 17ನೇ ಡಿವಿಷನ್, ಬಾಣ ಇದ್ದರೆ 7ನೇ ಡಿವಿಷನ್, ಇವೆರಡೂ ಬರ್ಮಾದಲ್ಲಿದ್ದವು. ಬರ್ಮಾದಲ್ಲಿ 1943ರಿಂದ ಈಚೆಗೆ ಖಾಕಿಯ ಬದಲು ಕಾಡಿನ ಹಸಿರು ಬಟ್ಟೆ ಬಂತು, ಫೋಟೋದಲ್ಲಿ ಅದು ಖಾಕಿಗಿಂತ ಗಾಢವಾಗಿ ಕಾಣುತ್ತದೆ.

ಸೊಂಟ ಮತ್ತು ಎದೆಯ ಸಾಮಾನು ಕಾಲ ಹೇಳುವುದರಲ್ಲಿ ಬಹಳ ಗಟ್ಟಿ. ಮೊದಲ ಮಹಾಯುದ್ಧದಲ್ಲಿ ಭಾರತೀಯ ಸೈನಿಕರ ಮೈಮೇಲೆ ಹೆಚ್ಚಾಗಿ ಕಾಣುವುದು 1903ರ ಮಾದರಿಯ ಚರ್ಮದ ಬ್ಯಾಂಡೋಲಿಯರ್, ಭುಜದಿಂದ ಅಡ್ಡಕ್ಕೆ ಇಳಿಬಿಟ್ಟದ್ದು, ಅದರ ಮೇಲೆ ಸಾಲಾಗಿ ಗುಂಡಿನ ಚೀಲಗಳು. ಎದೆಯ ಎರಡೂ ಕಡೆ ಒಂದೊಂದು ದೊಡ್ಡ ಚೌಕ ಕ್ಯಾನ್ವಾಸ್ ಚೀಲ ಇದ್ದರೆ ಅದು 1937ರ ಮಾದರಿ, ಬ್ರೆನ್ ಗನ್ ಎಂಬ ಹಗುರ ಮೆಷಿನ್ ಗನ್ನಿನ ಮ್ಯಾಗಜಿನ್ ಹಿಡಿಸಬೇಕು ಅಂತಲೇ ಅಷ್ಟು ದೊಡ್ಡದಾಗಿ ಹೊಲಿದದ್ದು. ಅದು ಕಂಡ ಮೇಲೆ ಮೆಸಪೊಟೇಮಿಯಾದ ಮಾತು ಬಿಟ್ಟುಬಿಡಬಹುದು.

ರೈಫಲ್ ಮಾತ್ರ ಮೋಸ ಮಾಡುತ್ತದೆ. ತುದಿಯವರೆಗೂ ಮರ ಇದ್ದು ಮೂತಿ ಮೊಂಡಾಗಿರುವ ಥ್ರೀ ನಾಟ್ ಥ್ರೀ ಎರಡೂ ಮಹಾಯುದ್ಧಗಳಲ್ಲಿತ್ತು, 1962ರಲ್ಲಿ ಚೀನಾ ಗಡಿಯಲ್ಲೂ ನಮ್ಮವರ ಕೈಯಲ್ಲಿದ್ದದ್ದು ಥ್ರೀ ನಾಟ್ ಥ್ರೀನೇ. ಅದನ್ನು ನೋಡಿ ವರ್ಷ ಹೇಳಲು ಹೋಗಬೇಡಿ. ಪಿಸ್ತೂಲಿನ ಹಾಗೆ ಹಿಡಿ ಇರುವ ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಕಂಡರೆ ಮಾತ್ರ 1960ರ ದಶಕಕ್ಕಿಂತ ಹಿಂದಿನದಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಕಾಲಿಗೆ ಸುತ್ತಿದ ಬಟ್ಟೆಯ ಪಟ್ಟಿಯನ್ನು ಬಹಳ ಜನ ನೋಡುವುದೇ ಇಲ್ಲ, ನನಗೆ ಮಾತ್ರ ಅದು ತುಂಬಾ ಇಷ್ಟದ ಜಾಗ. ಕಾಲಾಳುಗಳು ಪಾದದ ಗಂಟಿನಿಂದ ಶುರು ಮಾಡಿ ಮೇಲಕ್ಕೆ ಸುತ್ತಿ ಮೊಣಕಾಲಿನ ಕೆಳಗೆ ಕಟ್ಟುತ್ತಿದ್ದರು. ಕುದುರೆ ಸವಾರರು ಮೇಲಿಂದ ಕೆಳಕ್ಕೆ ಸುತ್ತಿ ಪಾದದ ಗಂಟಿನ ಹತ್ತಿರ ಕಟ್ಟುತ್ತಿದ್ದರು. ಕಟ್ಟಿದ ತುದಿ ಎಲ್ಲಿದೆ ಅನ್ನುವುದೊಂದರಿಂದಲೇ ಮನುಷ್ಯ ಕುದುರೆ ಏರುವವನೋ ಅಲ್ಲವೋ ಅಂತ ಊಹಿಸಬಹುದು. ಆದರೆ ಕುದುರೆ ಅಂದ ಕೂಡಲೇ ಲ್ಯಾನ್ಸರ್ ಅನ್ನಬೇಡಿ, ತೋಪು ಎಳೆಯುವ ಕುದುರೆಗಳ ಸವಾರರೂ ಹಾಗೇ ಕಟ್ಟುತ್ತಿದ್ದರು.

ಎಲ್ಲ ಬರೆದಾದ ಮೇಲೆ ಒಂದೇ ನಿಯಮ ನೆನಪಿಡಿ. ಫೋಟೋದಲ್ಲಿರುವ ಅತಿ ಹೊಸ ವಸ್ತು ಯಾವ ವರ್ಷ ಬಂತೋ, ಫೋಟೋ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಹಳೇ ವಸ್ತು ಹೆಚ್ಚೇನೂ ಹೇಳುವುದಿಲ್ಲ, ಯಾಕೆಂದರೆ ಸೈನ್ಯದಲ್ಲಿ ಹಳೇ ಬೆಲ್ಟು, ಹಳೇ ಬಂದೂಕು ವರ್ಷಗಟ್ಟಲೆ ಬಳಕೆಯಲ್ಲಿರುತ್ತವೆ. ಸೈನಿಕನ ಎದೆಯ ಮೇಲೆ ಬ್ರಿಟಿಷ್ ವಾರ್ ಮೆಡಲ್‌ನ ರಿಬ್ಬನ್ ಇದ್ದರೆ, ಮಿಕ್ಕೆಲ್ಲ 1914ರದ್ದಾದರೂ ಫೋಟೋ 1919ರ ಈಚಿನದು, ಆ ಪದಕ ಶುರುವಾದದ್ದೇ ಆಗ. ಅಧಿಕಾರಿಯ ಭುಜದ ಮೇಲೆ ಕಿರೀಟದ ಬದಲು ಅಶೋಕ ಸ್ತಂಭದ ಸಿಂಹಗಳಿದ್ದರೆ, ಅದು ಭಾರತ ಗಣರಾಜ್ಯವಾದ ಮೇಲಿನದು.

ಮೈಸೂರು ಲ್ಯಾನ್ಸರ್ಸ್ ಫೋಟೋ ಅಂತ ಹೇಳಿಕೊಂಡು ಬರುವುದಕ್ಕೆಲ್ಲ ಇದನ್ನೇ ಹಚ್ಚಿ ನೋಡಿ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಹಿಡಿದದ್ದು ಮೈಸೂರು ಮತ್ತು ಜೋಧ್‌ಪುರದ ಲ್ಯಾನ್ಸರ್‌ಗಳು, ಹೈದರಾಬಾದ್ ಲ್ಯಾನ್ಸರ್ಸ್ ಕೂಡ ಅದೇ ಬ್ರಿಗೇಡಿನವರು. ಭರ್ಜಿ, ಪೇಟ, ಬ್ಯಾಂಡೋಲಿಯರ್ ಮೂರು ತುಕಡಿಗಳಲ್ಲೂ ಇದ್ದದ್ದರಿಂದ ಅಷ್ಟಕ್ಕೇ ಮೈಸೂರಿನವರು ಅನ್ನಲಾಗದು. ಗಂಡಭೇರುಂಡ ಕಂಡರೆ ಮೈಸೂರು ಅನ್ನಬಹುದು, ಆದರೆ ಅದು ಇಡೀ ಸಂಸ್ಥಾನದ ಲಾಂಛನ, ಅದೊಂದರಿಂದಲೇ ಲ್ಯಾನ್ಸರ್ ಅಂತ ತೀರ್ಮಾನ ಮಾಡಬೇಡಿ. ಲಾಂಛನದ ಜೊತೆಗೆ ಸವಾರನ ಕಾಲುಪಟ್ಟಿ, ರಿಬ್ಬನ್, ಸ್ಟುಡಿಯೋದ ಮೊಹರು ಎಲ್ಲ ಒಂದೇ ಕಡೆ ಬೊಟ್ಟು ಮಾಡಬೇಕು.

ಫೋಟೋ ಯಾರು, ಯಾತಕ್ಕೆ ತೆಗೆದರು ಅನ್ನುವುದನ್ನೂ ಕೇಳಿ. 1915ರಲ್ಲಿ ಫ್ರಾನ್ಸಿನಲ್ಲಿ ಗಿರ್ಡ್‌ವುಡ್ ಎಂಬ ಛಾಯಾಗ್ರಾಹಕ ಭಾರತೀಯ ಸೈನಿಕರ ಫೋಟೋ ತುಂಬಾ ತೆಗೆದ. ಅವುಗಳಲ್ಲಿ ಕೆಲವು 'ಯುದ್ಧ'ದ ದೃಶ್ಯಗಳು ರಣರಂಗದ ಹಿಂದೆ ನಟಿಸಿ ತೆಗೆಸಿದವು. ಬಟ್ಟೆ, ಸಾಮಾನು ನೋಡಲು ಅವು ಚಿನ್ನದಂಥ ಚಿತ್ರಗಳು, ಆದರೆ ಕಾದಾಟ ಹೀಗೇ ನಡೆಯಿತು ಅನ್ನುವುದಕ್ಕೆ ಸಾಕ್ಷಿ ಅಲ್ಲ. ಊರಿನ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ಆದರೆ ಕೈಯಲ್ಲಿರುವ ಕತ್ತಿಯೋ ಬೆತ್ತವೋ ಸ್ಟುಡಿಯೋದವರದ್ದೇ ಇರಬಹುದು.

ಕೊನೆಗೆ ಫೋಟೋದ ಆಚೆಯೂ ಹುಡುಕಿ. ಪೆಟ್ಟಿಗೆಯಲ್ಲಿ ಪದಕ ಇದ್ದರೆ ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಭಾರತೀಯ ಸೈನಿಕರಿಗೆ ಕೊಟ್ಟ ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ನಂಬರು, ಹುದ್ದೆ, ಹೆಸರು, ತುಕಡಿ ಕೆತ್ತಿರುತ್ತಾರೆ. ಹೊಳಪು ಬರಲಿ ಅಂತ ಉಜ್ಜಬೇಡಿ, ಅಕ್ಷರ ಸವೆದು ಹೋಗುತ್ತದೆ. ಮಹಾಯುದ್ಧಗಳಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿ ಹುಡುಕಿ. ಹೋಲಿಸಿ ನೋಡಲು ನಿಜವಾದ ಸಮವಸ್ತ್ರ ಬೇಕಾದರೆ ಮಡಿಕೇರಿಯ ಸನ್ನಿ ಸೈಡ್‌ಗೆ ಹೋಗಿ, ಜನರಲ್ ತಿಮ್ಮಯ್ಯನವರ ಆ ಮನೆ ಈಗ ಮ್ಯೂಸಿಯಂ ಆಗಿದೆ. ಸಿಕ್ಕಿದ ವಿವರವನ್ನೆಲ್ಲ, ಯಾವ ಗುರುತಿನಿಂದ ಹಾಗೆ ಹೇಳಿದಿರಿ ಎಂಬುದರ ಸಮೇತ, ಬೇರೆ ಹಾಳೆಯಲ್ಲಿ ಬರೆದು ಫೋಟೋದ ಜೊತೆ ಇಡಿ. ಫೋಟೋದ ಹಿಂದೆ ಬರೆಯಲೇಬೇಕಾದರೆ ಮೆತ್ತಗಿನ ಪೆನ್ಸಿಲಿನಲ್ಲಿ ಹೆಸರು ಮಾತ್ರ ಬರೆಯಿರಿ, ಬಾಲ್ ಪೆನ್ ಮುಟ್ಟಿಸಬೇಡಿ.