ಪಾಚಿ ನೀರು: ಆಲಂ ಏರಿಸುವ ಮೊದಲು ಪಿಎಚ್ ಇಳಿಸಿ

ಕೆರೆ ನೀರು ಹಸಿರಾದ ಕೂಡಲೇ ಶುದ್ಧೀಕರಣ ಘಟಕದಲ್ಲಿ ಮೊದಲು ಮಾಡುವ ಕೆಲಸ ಆಲಂ (ಕೊಳೆಯನ್ನು ಹಿಡಿದು ತಳಕ್ಕಿಳಿಸುವ ಅಲ್ಯೂಮಿನಿಯಂ ಲವಣ) ಏರಿಸುವುದು. ಮಳೆಗಾಲದ ಕೆಂಪು ನೀರಿಗೆ ಅದು ನಡೆಯುತ್ತದೆ, ಅಲ್ಲಿರುವುದು ಹೆಚ್ಚಾಗಿ ಜೇಡಿಮಣ್ಣು. ಬೇಸಿಗೆಯ ನೀಲಿ-ಹಸಿರು ಪಾಚಿಯ ನೀರಿನಲ್ಲಿ ಕೋಶಗಳ ಜೊತೆಗೆ ಅವು ಹೊರಬಿಟ್ಟ ಪ್ರೋಟೀನ್, ಲೋಳೆಯಂಥ ಪಾಲಿಸ್ಯಾಕರೈಡ್‌ಗಳೂ ಇರುತ್ತವೆ. ಲೋಳೆಯ ದೊಡ್ಡ ಅಣುಗಳು ಫ್ಲಾಕ್ (ಆಲಂ ಕಟ್ಟುವ ಮೆತ್ತನೆಯ ಗಂಟು) ಜೊತೆ ಬೇಗ ಬರುತ್ತವೆ. ತೊಂದರೆ ಕೊಡುವುದು ಪ್ರೋಟೀನ್. ಅದು ಅಲ್ಯೂಮಿನಿಯಂಗೆ ಅಂಟಿಕೊಂಡು ಅದನ್ನು ಗಟ್ಟಿಯಾಗಲು ಬಿಡುವುದಿಲ್ಲ. ಹಾಕಿದ ಆಲಂನ ಒಂದು ಪಾಲು ಹಾಗೇ ಫಿಲ್ಟರ್ ದಾಟಿ ಸಂಪ್ ಸೇರುತ್ತದೆ.

ಇದರ ಮೇಲೆ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಏರಿಳಿತ. ಬಿಸಿಲಿನಲ್ಲಿ ಪಾಚಿ ನೀರಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುವುದರಿಂದ ನಮ್ಮ ಕಚ್ಚಾ ನೀರಿನ ಪಿಎಚ್ ಬೆಳಗ್ಗೆ 7.8 ಇದ್ದದ್ದು ಮಧ್ಯಾಹ್ನ 3ರ ಹೊತ್ತಿಗೆ 9ರ ಹತ್ತಿರ ಹೋಗುತ್ತಿತ್ತು. ಆ ಪಿಎಚ್‌ನಲ್ಲಿ ಅಲ್ಯೂಮಿನಿಯಂ ಕರಗಿಯೇ ಉಳಿಯುತ್ತದೆ. ಬೆಳಗಿನ ಜಾರ್ ಟೆಸ್ಟ್‌ನ (ಸಾಲು ಜಾರ್‌ಗಳಲ್ಲಿ ಸರಿಯಾದ ಡೋಸ್ ಹುಡುಕುವ ಪರೀಕ್ಷೆ) ಡೋಸ್ ಮಧ್ಯಾಹ್ನಕ್ಕೆ ಕೆಲಸ ಮಾಡದಿದ್ದರೆ ಕಾರಣ ಇದೇ. ಹಾಗಾಗಿ ಪಾಚಿ ಇರುವಷ್ಟು ದಿನ ಟೆಸ್ಟ್ ದಿನಕ್ಕೆ ಎರಡು ಸಲ ಆಗಲೇಬೇಕು. ನೀರು ತಂದ ಒಂದು ಗಂಟೆಯೊಳಗೆ ಮಾಡಿ. ಕ್ಯಾನ್‌ನಲ್ಲಿ ಇಟ್ಟರೆ ಪಾಚಿಯ ಉಸಿರಾಟಕ್ಕೇ ಪಿಎಚ್ ಬದಲಾಗುತ್ತದೆ.

ನಾವು ಮಾಡಿದ ರೀತಿ ಹೀಗೆ. 10 ಗ್ರಾಂ ಆಲಂ ಕರಗಿಸಿ 1 ಲೀಟರ್ ದ್ರಾವಣ ಮಾಡಿಕೊಂಡೆವು. ಅದರ 1 ಮಿಲಿಲೀಟರ್ 1 ಲೀಟರ್ ಜಾರ್‌ಗೆ ಹಾಕಿದರೆ 10 ಮಿಲಿಗ್ರಾಂ ಡೋಸ್. ಆರೂ ಜಾರ್‌ಗೆ ಒಂದೇ ಡೋಸ್, 60 ಮಿಲಿಗ್ರಾಂ. ಬದಲಿಸಿದ್ದು ಆಸಿಡ್ ಮಾತ್ರ: ಸಲ್ಫ್ಯೂರಿಕ್ ಆಸಿಡ್ ಲೀಟರಿಗೆ 0, 10, 20, 30, 40, 50 ಮಿಲಿಗ್ರಾಂ. ಆಸಿಡ್ ಮೊದಲು, ಅರ್ಧ ನಿಮಿಷ ಬಿಟ್ಟು ಆಲಂ. ನಿಮಿಷಕ್ಕೆ 100 ಸುತ್ತಿನ ವೇಗದಲ್ಲಿ ಒಂದು ನಿಮಿಷ ಕಲಸಿ, 30 ಸುತ್ತಿನಲ್ಲಿ 20 ನಿಮಿಷ, ನಂತರ ಅರ್ಧ ಗಂಟೆ ತಂಗಲು ಬಿಟ್ಟು, ಮೇಲ್ಮೈಯಿಂದ ಮೂರು ಸೆಂಟಿಮೀಟರ್ ಕೆಳಗಿನಿಂದ ಪೈಪೆಟ್‌ನಲ್ಲಿ ಎಳೆದದ್ದು. ಜಾರ್ ಬಗ್ಗಿಸಿ ಸುರಿಯಬೇಡಿ, ಪಾಚಿಯ ಫ್ಲಾಕ್ ಹಗುರ, ಮುಟ್ಟಿದರೆ ಏಳುತ್ತದೆ.

ನೀರಿನ ಕಲಕು (ಮಬ್ಬು) ಮಾತ್ರ ನೋಡಿ ಡೋಸ್ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ. ಕೋಶಗಳು ಹೋಗಿ ನೀರು ತಿಳಿಯಾದರೂ ಕರಗಿದ ಸಾವಯವ ವಸ್ತು ಒಳಗೇ ಇರಬಹುದು. 254 ನ್ಯಾನೋಮೀಟರ್‌ನ ಯುವಿ ಅಳತೆಯೂ ಇಲ್ಲಿ ಅಷ್ಟಾಗಿ ನೆರವಿಗೆ ಬರುವುದಿಲ್ಲ, ಎಲೆ-ಮಣ್ಣಿನ ಹ್ಯೂಮಿಕ್ ವಸ್ತುವಿನಂತೆ ಪಾಚಿಯ ವಸ್ತು ಆ ಬೆಳಕನ್ನು ಹೀರುವುದಿಲ್ಲ. ಟಿಒಸಿ (ಒಟ್ಟು ಸಾವಯವ ಇಂಗಾಲ) ಅಳೆಯುವ ಯಂತ್ರ ಇಲ್ಲದ ನಾವು ನೆಚ್ಚಿಕೊಂಡದ್ದು ಕ್ಲೋರಿನ್ ಬೇಡಿಕೆಯನ್ನು: ಪ್ರತಿ ಜಾರ್‌ನ ನೀರನ್ನು 0.45 ಮೈಕ್ರಾನ್ ಕಾಗದದಲ್ಲಿ ಸೋಸಿ, 5 ಮಿಲಿಗ್ರಾಂ ಕ್ಲೋರಿನ್ ಹಾಕಿ, 30 ನಿಮಿಷದ ನಂತರ ಎಷ್ಟು ಉಳಿದಿದೆ ಎಂದು ನೋಡುವುದು. ಅಮೋನಿಯಾ ಕೂಡ ಕ್ಲೋರಿನ್ ತಿನ್ನುತ್ತದೆ, ಆದ್ದರಿಂದ ಇದು ಒಂದೇ ದಿನದ ಜಾರ್‌ಗಳ ಹೋಲಿಕೆಗೆ ಮಾತ್ರ. ಜೊತೆಗೆ ಉಳಿಕೆ ಅಲ್ಯೂಮಿನಿಯಂ ನೋಡಲೇಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಲೀಟರಿಗೆ 0.03 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 0.2 ಕೊನೆಯ ಮಿತಿ.

ನಮ್ಮ ನೀರಿನ ಕ್ಷಾರೀಯತೆ (ಆಸಿಡ್ ತಡೆದುಕೊಳ್ಳುವ ಶಕ್ತಿ) ಲೀಟರಿಗೆ ಸುಮಾರು 140 ಮಿಲಿಗ್ರಾಂ. 1 ಮಿಲಿಗ್ರಾಂ ಆಲಂ ಅದರಲ್ಲಿ ಅರ್ಧ ಮಿಲಿಗ್ರಾಂ ತಿನ್ನುತ್ತದೆ. 60 ಮಿಲಿಗ್ರಾಂ ಆಲಂ ಒಂದರಿಂದಲೇ ಪಿಎಚ್ 7ರ ಆಸುಪಾಸಿಗೆ ಬಂದು ನಿಂತಿತು. 40 ಮಿಲಿಗ್ರಾಂ ಆಸಿಡ್ ಸೇರಿದಾಗ 6.4 ಆಯಿತು. ಕ್ಲೋರಿನ್ ಬೇಡಿಕೆ, ಅಲ್ಯೂಮಿನಿಯಂ ಎರಡೂ ಅತಿ ಕಡಿಮೆ ಬಂದದ್ದು ಅದೇ ಜಾರ್‌ನಲ್ಲಿ. ಆಸಿಡ್ ಇಲ್ಲದೆ ಆ ಪಿಎಚ್ ಮುಟ್ಟಬೇಕಾದರೆ ಇನ್ನೂ 80 ಮಿಲಿಗ್ರಾಂ ಆಲಂ ಸುರಿಯಬೇಕು, ಅದರಿಂದ ಕೆಸರೂ ಹೆಚ್ಚುತ್ತದೆ.

ಘಟಕದಲ್ಲಿ ಆಸಿಡ್ ಸೇರಿಸುವ ಜಾಗ ಆಲಂಗಿಂತ ಮುಂಚೆ, ಚೆನ್ನಾಗಿ ಕಲಸುವಷ್ಟು ದೂರದಲ್ಲಿ ಇರಬೇಕು. ತೆಳು ಮಾಡುವಾಗ ಆಸಿಡ್ಡನ್ನು ನೀರಿಗೆ ನಿಧಾನವಾಗಿ ಹಾಕಬೇಕು, ನೀರನ್ನು ಆಸಿಡ್‌ಗೆ ಎಂದೂ ಹಾಕಬಾರದು. ಕನ್ನಡಕ, ಗ್ಲೌಸ್ ಇಲ್ಲದೆ ಯಾರನ್ನೂ ಆ ಕೋಣೆಗೆ ಬಿಡಬೇಡಿ. ಪಿಎಚ್ ಮತ್ತೆ ಏರಿಸಲು ಸುಣ್ಣದ ತಿಳಿ ಫಿಲ್ಟರ್ ಆದ ಮೇಲೆಯೇ ಬೀಳಬೇಕು. ಲೆಕ್ಕಕ್ಕೆ ಲೀಟರಿಗೆ 35 ಮಿಲಿಗ್ರಾಂ ಸುಣ್ಣದಿಂದ ಶುರು ಮಾಡಿ 7.5 ತಲುಪುವವರೆಗೆ ಹೊಂದಿಸಿ. ಫಿಲ್ಟರ್‌ಗೆ ಮುಂಚೆ ಹಾಕಿದರೆ ಹಿಡಿದಿದ್ದ ಅಲ್ಯೂಮಿನಿಯಂ ಮತ್ತೆ ಕರಗುತ್ತದೆ.

ಪ್ರೀ-ಕ್ಲೋರಿನೇಷನ್ (ಕಚ್ಚಾ ನೀರಿಗೇ ಕ್ಲೋರಿನ್ ಹಾಕುವುದು) ನಿಲ್ಲಿಸಿದ್ದು ಇಷ್ಟೇ ಮುಖ್ಯ. ಕೆರೆಯಿಂದ ನೀರೆತ್ತುವ ಬಾವಿಯಾದ ಜಾಕ್‌ವೆಲ್‌ನಲ್ಲೇ ಕ್ಲೋರಿನ್ ಕೊಟ್ಟರೆ ಕೋಶ ಒಡೆದು ಒಳಗಿದ್ದ ವಿಷ, ಮಣ್ಣುವಾಸನೆ, ಪ್ರೋಟೀನ್ ಎಲ್ಲವೂ ನೀರಿಗೆ ಬರುತ್ತವೆ, ಟ್ರೈಹ್ಯಾಲೋಮೀಥೇನ್‌ಗೂ (ಕ್ಲೋರಿನ್ ಮತ್ತು ಸಾವಯವ ವಸ್ತು ಸೇರಿ ಆಗುವ ಹಾನಿಕರ ಸಂಯುಕ್ತ) ದಾರಿಯಾಗುತ್ತದೆ. ಇಡೀ ಕೋಶವನ್ನು ಆಲಂ ಹಿಡಿಯಬಲ್ಲದು, ಒಡೆದದ್ದನ್ನು ಪೂರ್ತಿ ಹಿಡಿಯಲಾರದು. ನಿಲ್ಲಿಸಿದ ಮೇಲೆ ಕ್ಲಾರಿಫೈಯರ್ (ಫ್ಲಾಕ್ ತಂಗುವ ತೊಟ್ಟಿ) ಗೋಡೆಗೆ ಲೋಳೆ ಕಟ್ಟುತ್ತದೆ. ಅದಕ್ಕೆ ವಾರಕ್ಕೊಮ್ಮೆ ಬ್ರಷ್, ಮೇಲೆ ನೆರಳು ಪರದೆ. ಕೆಸರಿನಲ್ಲೂ ಕೋಶಗಳು ಕೆಲವೇ ದಿನಗಳಲ್ಲಿ ಒಡೆಯುತ್ತವೆ, ಹಾಗಾಗಿ ನಾಲ್ಕು ಗಂಟೆಗೊಮ್ಮೆ ಕೆಸರು ತೆಗೆದೆವು. ಬ್ಯಾಕ್‌ವಾಶ್ (ಫಿಲ್ಟರ್ ತೊಳೆದ) ನೀರನ್ನು ಮತ್ತೆ ಒಳಗೆ ತಿರುಗಿಸುವುದನ್ನೂ ಬಿಟ್ಟೆವು.

ಇಷ್ಟಾದರೂ ಸಣ್ಣ ಅಣುಗಳು ಉಳಿಯುತ್ತವೆ. ಜಿಯೋಸ್ಮಿನ್‌ನ ಮಣ್ಣುವಾಸನೆಯಾಗಲಿ ಕರಗಿದ ಪಾಚಿ ವಿಷ ಮೈಕ್ರೋಸಿಸ್ಟಿನ್ ಆಗಲಿ ಆಲಂಗೆ ಬಗ್ಗುವುದಿಲ್ಲ. ಕುದಿಸಿದರೂ ಮೈಕ್ರೋಸಿಸ್ಟಿನ್ ಹೋಗದು, ಮನೆಮಂದಿಗೆ ಅದನ್ನು ಪರಿಹಾರವೆಂದು ಹೇಳಬಾರದು. ವಾಸನೆ ಬಂದ ದಿನ ಪುಡಿ ಆಕ್ಟಿವೇಟೆಡ್ ಕಾರ್ಬನ್ ಲೀಟರಿಗೆ 10ರಿಂದ 20 ಮಿಲಿಗ್ರಾಂ, ಆಲಂಗಿಂತ ಕನಿಷ್ಠ ಅರ್ಧ ಗಂಟೆ ಮೊದಲು, ಕ್ಲೋರಿನ್ ಇಲ್ಲದ ನೀರಿಗೆ ಹಾಕಿ. ಆಲಂ ಜೊತೆಗೇ ಹಾಕಿದರೆ ಕಾರ್ಬನ್ ಫ್ಲಾಕ್‌ನೊಳಗೆ ಸಿಕ್ಕಿಕೊಂಡು ಅರ್ಧ ಕೆಲಸವನ್ನೂ ಮಾಡುವುದಿಲ್ಲ.