ಚಮಚದ ಬೆನ್ನು ನೋಡಿ ಕೊಳ್ಳುವುದು

ಮೈಸೂರಿನಲ್ಲಿ ಹಳೇ ಚಮಚ ಅಂದರೆ ಸಾಕು, ಅದು ಅರಮನೆಯದ್ದೇ ಆಗಿಬಿಡುತ್ತದೆ. ಮಂಡಿ ಮೊಹಲ್ಲಾದ ಗುಜರಿ ಅಂಗಡಿಯಲ್ಲಿ ಕಪ್ಪು ಹಿಡಿದ ಫೋರ್ಕೊಂದನ್ನು ಕೈಗೆತ್ತಿಕೊಂಡರೆ ಬರುವುದು ಒಂದೇ ಮಾತು: "ಅಕ್ಕಾ, ಅಸಲಿ ಬೆಳ್ಳಿ, ಪ್ಯಾಲೇಸ್ ಮಾಲು." ಹೆಚ್ಚಿನ ಸಲ ಅದು ಬೆಳ್ಳಿಯೂ ಅಲ್ಲ, ಪ್ಯಾಲೇಸಿನದೂ ಅಲ್ಲ. ಹಾಗಂತ ಆ ರಾಶಿ ಬಿಟ್ಟು ಬರುವಂಥದ್ದೇನಲ್ಲ. ವೈಸರಾಯ್ ಬಂದರೆ ಇಳಿದುಕೊಳ್ಳಲಿ ಅಂತ ಲಲಿತಮಹಲನ್ನೇ ಕಟ್ಟಿಸಿದ ಊರು ಇದು. ರೈಲ್ವೆ ಅಧಿಕಾರಿಗಳ ಬಂಗಲೆ, ಕ್ಲಬ್ಬು, ಪಕ್ಕದ ಕೊಡಗಿನ ಕಾಫಿ ತೋಟದ ಮನೆಗಳು, ಎಲ್ಲೆಲ್ಲಿಂದಲೋ ಬಂದ ಸಾಮಾನು ಕೊನೆಗೆ ಇಲ್ಲಿ ತಕ್ಕಡಿ ಹತ್ತುತ್ತದೆ.

ನಾನು ಮೊದಲು ನೋಡುವುದು ಮುದ್ರೆಯನ್ನಲ್ಲ, ಸವೆತವನ್ನು. ಚಮಚವನ್ನು ಬೋರಲು ಹಾಕಿದರೆ ಬಟ್ಟಲಿನ ಬೆನ್ನಿನಲ್ಲಿ ಒಂದು ಉಬ್ಬು ಕಾಣುತ್ತದಲ್ಲ, ಮೇಜಿಗೆ ತಾಗಿ ತಾಗಿ ಮೇಲಿನ ಬೆಳ್ಳಿ ಲೇಪ ಮೊದಲು ಹೋಗುವುದು ಅಲ್ಲೇ. ಫೋರ್ಕಾದರೆ ಹಲ್ಲುಗಳ ತುದಿ. ಅಲ್ಲಿ ತುಸು ಹಳದಿ ಬೆರೆತ ಬೂದು ಬಣ್ಣ ಇಣುಕಿದರೆ ಒಳಗಿರುವುದು ಜರ್ಮನ್ ಸಿಲ್ವರ್. ಕೆಂಪಾದರೆ ತಾಮ್ರ. ಗಟ್ಟಿ ಬೆಳ್ಳಿ ಎಷ್ಟು ಸವೆದರೂ ಬಣ್ಣ ಬದಲಿಸುವುದಿಲ್ಲ. ಜರ್ಮನ್ ಸಿಲ್ವರ್ ಅಂದರೆ ತಾಮ್ರ, ನಿಕಲ್, ಸತುವಿನ ಮಿಶ್ರಣ, ಬೆಳ್ಳಿ ಚೂರೂ ಇಲ್ಲ. ಈಗ ಮದುವೆ ಮನೆಗಳಲ್ಲಿ ಉಡುಗೊರೆ ಕೊಡುವ ಅರಿಸಿನ-ಕುಂಕುಮದ ಬಟ್ಟಲುಗಳ ಹೆಸರೂ ಇದೇ. ಅಯಸ್ಕಾಂತ ಹಿಡಿದು ನೋಡುವವರಿದ್ದಾರೆ. ಒಳಗೆ ಕಬ್ಬಿಣ ಇದ್ದರೆ ಅದು ಹೇಳುತ್ತದೆ, ಬೆಳ್ಳಿ ಹೌದೋ ಅಲ್ಲವೋ ಎಂದು ಹೇಳುವುದಿಲ್ಲ.

ಆಮೇಲೆ ಮುದ್ರೆ. ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ವಿಧಾನಕ್ಕೆ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಕಂಪನಿಯವರು 1840ರಲ್ಲಿ ಪೇಟೆಂಟ್ ಪಡೆದರು. ಆದ್ದರಿಂದ ಇ.ಪಿ.ಎನ್.ಎಸ್. (ಎಲೆಕ್ಟ್ರೋ ಪ್ಲೇಟೆಡ್ ನಿಕಲ್ ಸಿಲ್ವರ್, ಅಂದರೆ ಜರ್ಮನ್ ಸಿಲ್ವರ್ ಮೇಲೆ ಹೀಗೆ ಬೆಳ್ಳಿ ಲೇಪಿಸಿದ್ದು) ಅಂತ ಇರುವ ಯಾವುದೂ ಟಿಪ್ಪುವಿನ ಕಾಲದ್ದಾಗಲು ಸಾಧ್ಯವಿಲ್ಲ, ಶ್ರೀರಂಗಪಟ್ಟಣದಲ್ಲಿ ಯಾರು ಏನೇ ಹೇಳಲಿ. ಎ1 ಅಂತ ಇದ್ದರೆ ತಯಾರಕರು ಅದನ್ನು ತಮ್ಮ ಒಳ್ಳೆಯ ದರ್ಜೆಯ ಲೇಪ ಅಂತ ಕರೆದುಕೊಂಡದ್ದು. ಬಾವುಟದ ಗುರುತು ವಾಕರ್ ಅಂಡ್ ಹಾಲ್ ಕಂಪನಿಯದು, ತುತ್ತೂರಿಯದು ಜೇಮ್ಸ್ ಡಿಕ್ಸನ್‌ದು. ಗಟ್ಟಿ ಇಂಗ್ಲಿಷ್ ಬೆಳ್ಳಿಯಾದರೆ ಒಂದು ಕಾಲೆತ್ತಿ ನಡೆಯುವ ಪುಟ್ಟ ಸಿಂಹ ಇರಬೇಕು. ಸುಮ್ಮನೆ ನಾಲ್ಕು ಚೌಕದೊಳಗೆ ಅಕ್ಷರ ಕೂರಿಸಿ ಬೆಳ್ಳಿಯ ಮುದ್ರೆಯಂತೆ ಕಾಣಿಸುವುದು ಲೇಪದವರ ಹಳೇ ಚಾಳಿ. ಭೂತಗನ್ನಡಿ ಇಲ್ಲದೆ ನಾನು ಅಂಗಡಿಗೆ ಹೋಗುವುದೇ ಇಲ್ಲ. ಇನ್ನು ಜರ್ಮನಿಯ ಚಮಚಗಳ ಮೇಲಿನ 90. ಅಂಗಡಿಯವರು "ತೊಂಬತ್ತು ಪರ್ಸೆಂಟ್ ಬೆಳ್ಳಿ" ಅನ್ನುತ್ತಾರೆ. ಅದು ಒಂದು ಡಜನ್ ಊಟದ ಚಮಚ, ಒಂದು ಡಜನ್ ಫೋರ್ಕು, ಎಲ್ಲಕ್ಕೂ ಸೇರಿ ಬಳಸಿದ ಬೆಳ್ಳಿಯ ಗ್ರಾಂ ಲೆಕ್ಕ. 800ರಂಥ ಸಂಖ್ಯೆ, ಅಂದರೆ ಸಾವಿರಕ್ಕೆ ಎಂಟುನೂರು ಪಾಲು ಬೆಳ್ಳಿ ಅಂತ, ಇದ್ದರೆ ಮಾತ್ರ ಗಟ್ಟಿ ಬೆಳ್ಳಿಯ ಮಾತು.

ಗಂಡಭೇರುಂಡ ಇದ್ದರೆ ಬೆಲೆ ಹಾರುತ್ತದೆ, ಹಾಗಾಗಿ ಗಂಡಭೇರುಂಡ ಈಗಲೂ ಹುಟ್ಟುತ್ತಿರುತ್ತದೆ. ಗೆರೆಗಳನ್ನು ಬಿಸಿಲಿಗೆ ಓರೆ ಹಿಡಿದು ನೋಡುತ್ತೇನೆ. ತಯಾರಕರು ಸಾಮಾನ್ಯವಾಗಿ ಮೊದಲು ಕೆತ್ತಿ ಆಮೇಲೆ ಲೇಪಿಸುತ್ತಿದ್ದರು, ಅದಕ್ಕೇ ಹಳೇ ಕೆತ್ತನೆಯ ತಳದಲ್ಲೂ ಬೆಳ್ಳಿಯೇ ಇರುತ್ತದೆ. ಉಜ್ಜಿ ಉಜ್ಜಿ ಗೆರೆಯ ಅಂಚು ಮೃದುವಾಗಿ, ಹಕ್ಕಿಯ ಎರಡು ಕೊಕ್ಕುಗಳು ಮೊಂಡಾಗಿರುತ್ತವೆ. ಮೊನ್ನೆ ಮೊನ್ನೆ ಕೆತ್ತಿದ್ದಾದರೆ ಅಂಚು ಉಗುರಿಗೆ ತರಚುತ್ತದೆ, ಗೆರೆಯ ತಳದಲ್ಲಿ ಹಳದಿ ಹೊಳೆಯುತ್ತದೆ. ಬೆನ್ನು ಬೋಳಾಗಿದ್ದು ಹಕ್ಕಿ ಮಾತ್ರ ಗರಿಗರಿಯಾಗಿದ್ದರೆ ಕೆಳಗಿಟ್ಟು ಬರುವುದೇ ಸರಿ.

ಚಾಕುಗಳ ವಿಚಾರ ಬೇರೆ. ಅಲಗಿನ ಮೇಲೆ ಸ್ಟೇನ್‌ಲೆಸ್ ಅಂತ ಇದ್ದರೆ ಅದು 1913ರ ಈಚಿನದು, ಶೆಫೀಲ್ಡಿನಲ್ಲಿ ಆ ಉಕ್ಕು ಹುಟ್ಟಿದ್ದೇ ಆಗ. ಬಿಳಿ ಹಿಡಿಯನ್ನು ಆನೆದಂತ ಅಂತ ಹೊಗಳಿದರೆ ನಾನು ಮುಟ್ಟುವುದಿಲ್ಲ. ಮೂಳೆಯೋ ಸೆಲ್ಯುಲಾಯ್ಡೋ ಆಗಿರುವ ಸಂಭವವೇ ಹೆಚ್ಚು. ನಿಜಕ್ಕೂ ದಂತವಾದರೆ ಅದರ ವ್ಯಾಪಾರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಮನೆಗೆ ತಂದ ಮೇಲೆ ವಿಭೂತಿ, ಟೂತ್‌ಪೇಸ್ಟು ಎರಡೂ ಬೇಡ. ಪೂಜೆಯ ಗಟ್ಟಿ ಬೆಳ್ಳಿ ವಿಭೂತಿಯ ಉಜ್ಜಾಟ ತಡೆದುಕೊಂಡೀತು, ಲೇಪದ್ದರಲ್ಲಿ ಪ್ರತಿ ಉಜ್ಜಿಗೂ ಬೆಳ್ಳಿ ಹೋಗುತ್ತದೆ. ನಾನು ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಅಡುಗೆ ಸೋಡಾ ಕಲಸಿದ ಬಿಸಿನೀರು ಹೊಯ್ದು, ಚಮಚ ಫಾಯಿಲ್‌ಗೆ ತಾಗುವಂತೆ ಮುಳುಗಿಸುತ್ತೇನೆ. ಕಪ್ಪಿನಲ್ಲಿರುವ ಗಂಧಕ ಅಲ್ಯೂಮಿನಿಯಂ ಕಡೆ ಹೋಗಿ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಆಗ ಬರುವ ಕೊಳೆತ ಮೊಟ್ಟೆಯ ವಾಸನೆಗೆ ಕಿಟಕಿ ತೆರೆದಿಟ್ಟರಾಯಿತು. ಚಾಕುಗಳನ್ನು ಮಾತ್ರ ಇದಕ್ಕೆ ಹಾಕಬಾರದು. ಟೊಳ್ಳು ಹಿಡಿಯೊಳಗೆ ರಾಳ ತುಂಬಿ ಅಲಗು ಕೂರಿಸಿರುತ್ತಾರೆ, ಬಿಸಿಗೆ ಕರಗಿ ಸಡಿಲವಾಗುತ್ತದೆ.

ಒಗೆದು ಒಗೆದು ಮೆತ್ತಗಾದ ಹಳೇ ಪಂಚೆಯಲ್ಲಿ ಸುತ್ತಿ ಇಡುತ್ತೇನೆ. ರಬ್ಬರ್ ಬ್ಯಾಂಡ್ ಹಾಕಿದರೆ ಆ ಅಳತೆಗೇ ಕಪ್ಪು ಪಟ್ಟಿ ಬೀಳುತ್ತದೆ. ಬೀರುವಿನಲ್ಲಿ ಕೂಡಿಡುವುದಕ್ಕಿಂತ ದಿನಾ ಬಳಸಿ ತೊಳೆದಿಟ್ಟದ್ದು ಕಪ್ಪಾಗುವುದು ಕಡಿಮೆ, ಅದಕ್ಕೆ ನಮ್ಮ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತಿಗೆ ಇವೇ ಚಮಚ. ಮೊಟ್ಟೆಗೂ ಉಪ್ಪಿನಕಾಯಿ ಜಾಡಿಗೂ ಸ್ಟೀಲೇ.