ಅಡ್ವಾನ್ಸೂ ಕಂತೂ: ಕಾನೂನು ಬದಲಾಗುವ ಹೊತ್ತಿಗೆ ನಿಮ್ಮ ಕಾಗದ ಸರಿ ಮಾಡಿಕೊಳ್ಳುವುದು ಹೇಗೆ?

2025ರ ಫೆಬ್ರವರಿಯ ಒಂದು ಬೆಳಿಗ್ಗೆ. ನಮ್ಮ ರಸ್ತೆಯ ತಿರುವಿನಲ್ಲಿ ಹೂವು ಮಾರುವ ಅಕ್ಕ ಮೊಳ ಹಾಕುತ್ತಿದ್ದ ಕೈ ನಿಲ್ಲಿಸಿ ಮೊಬೈಲ್ ಮುಂದೆ ಚಾಚಿದರು. ಅದರಲ್ಲೊಂದು ವಿಡಿಯೊ. "ಅಣ್ಣ, ಸಂಘದ ಸಾಲ ಎಲ್ಲಾ ಮನ್ನಾ ಅಂತೆ. ಈ ವಾರದ ಕಂತು ಕಟ್ಟೋದು ಬೇಡ್ವಾ?"

ಬೇಡ ಅನ್ನುವ ಹಾಗಿರಲಿಲ್ಲ. ಸಾಲ ವಸೂಲಿಯ ಕಾಟ ತಡೆಯಲು ಆಗ ತಾನೇ ರಾಜ್ಯ ಸರ್ಕಾರ ಒಂದು ಸುಗ್ರೀವಾಜ್ಞೆ ತಂದಿತ್ತು, ನಿಜ. ಆದರೆ ಅದು ಅವರ ಸಾಲವನ್ನು ಮನ್ನಾ ಮಾಡಿರಲಿಲ್ಲ. ಮಾತಾಡುತ್ತಾ ಗೊತ್ತಾಯಿತು, ಆ ಸಾಲ ಮಾಡಿದ್ದೇ ಮನೆಗೆ ಅಡ್ವಾನ್ಸ್ ಕೊಡಲು. ಬಾಡಿಗೆ 8,000. ಓನರ್ ಕೇಳಿದ್ದು ಹತ್ತು ತಿಂಗಳ ಅಡ್ವಾನ್ಸ್, ಅಂದರೆ 80,000. ಸಂಘದಿಂದ, ಅಂದರೆ ಗುಂಪು ಮಾಡಿ ಸಾಲ ಕೊಡುವ ಮೈಕ್ರೋ ಫೈನಾನ್ಸ್ ಕಂಪನಿಯಿಂದ, 50,000 ತಂದರು, ಉಳಿದದ್ದು ಕೈಸಾಲ. ಆ 80,000 ಓನರ್ ಹತ್ತಿರ ಬಡ್ಡಿ ಇಲ್ಲದೆ ಕೂತಿದೆ. ಇವರು ಮಾತ್ರ ವಾರ ವಾರ ಬಡ್ಡಿ ಕಟ್ಟುತ್ತಿದ್ದಾರೆ.

ವಿಧಾನಸಭೆಯಲ್ಲಿ ಬಾಡಿಗೆ ಕಾಯ್ದೆ ಒಂದು ಫೈಲು, ಸಾಲ ವಸೂಲಿ ಕಾಯ್ದೆ ಇನ್ನೊಂದು ಫೈಲು. ಅಕ್ಕನ ಮನೆಯಲ್ಲಿ ಎರಡೂ ಒಂದೇ ಡಬ್ಬಿಯ ದುಡ್ಡು. ಅದಕ್ಕೇ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಎರಡೂ ಕಡೆ ಕಾನೂನು ಬದಲಾಗುತ್ತಲೇ ಇದೆ. ಯಾವ ಬದಲಾವಣೆಯಾದರೂ ನಿಮ್ಮ ಕೈಯಲ್ಲಿ ಕಾಗದ ಇದ್ದರೆ ಮಾತ್ರ ಕೆಲಸಕ್ಕೆ ಬರುವುದು.

ಹೆಜ್ಜೆ 1: ಸುದ್ದಿ ಬಂದಾಗ ಅದು ಮಸೂದೆಯೋ, ಕಾಯ್ದೆಯೋ ನೋಡಿ

"ಸಂಪುಟ ಒಪ್ಪಿತು" ಅಂದರೆ ಕಾನೂನು ಬಂತು ಅಂತಲ್ಲ. ಮಸೂದೆ ವಿಧಾನಸಭೆಯಲ್ಲಿ ಪಾಸಾಗಬೇಕು, ವಿಧಾನ ಪರಿಷತ್ತಿನಲ್ಲಿ ಪಾಸಾಗಬೇಕು, ರಾಜ್ಯಪಾಲರು ಸಹಿ ಹಾಕಬೇಕು, ಆಮೇಲೆ ರಾಜ್ಯಪತ್ರದಲ್ಲಿ ಅಚ್ಚಾಗಬೇಕು. ಸುಗ್ರೀವಾಜ್ಞೆ ಆದರೆ ಸದನ ಸೇರದಿರುವಾಗ ರಾಜ್ಯಪಾಲರ ಸಹಿಯಿಂದಲೇ ಜಾರಿಗೆ ಬರುತ್ತದೆ. ಆಮೇಲೆ ಅದಕ್ಕೂ ಸದನದ ಒಪ್ಪಿಗೆ ಬೇಕು.

ಅಕ್ಕ ಕೇಳಿದ್ದ ಸುಗ್ರೀವಾಜ್ಞೆಯ ಕಥೆಯನ್ನೇ ನೋಡಿ. 2025ರ ಜನವರಿಯಲ್ಲಿ ಚಾಮರಾಜನಗರ, ರಾಮನಗರ, ಮೈಸೂರು ಕಡೆಯಿಂದ ಫೈನಾನ್ಸ್‌ನವರ ಕಾಟ ತಾಳಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ದಿನಾ ಬರುತ್ತಿತ್ತು. ಸರ್ಕಾರ ಅವಸರದಲ್ಲಿ ಕರಡು ಕಳಿಸಿತು. ರಾಜ್ಯಪಾಲ ಥಾವರಚಂದ್ ಗೆಹ್ಲೋಟ್ ಮೊದಲ ಸಲ ವಾಪಸ್ ಕಳಿಸಿದರು. 3 ಲಕ್ಷದ ಸಾಲ ಕೊಟ್ಟು ಕಾಟ ಕೊಟ್ಟವರಿಗೆ 10 ವರ್ಷ ಜೈಲು, 5 ಲಕ್ಷ ದಂಡ ಜಾಸ್ತಿ ಆಯಿತಲ್ಲ ಅನ್ನುವುದು ಅವರ ಆಕ್ಷೇಪಗಳಲ್ಲಿ ಒಂದು. ಸರ್ಕಾರ ವಿವರಣೆ ಕೊಟ್ಟ ಮೇಲೆ ಫೆಬ್ರವರಿ 12ರಂದು ಸಹಿ ಬಿತ್ತು. ಮಾರ್ಚ್ ಅಧಿವೇಶನದಲ್ಲಿ ಸದನ ಒಪ್ಪಿ, ಅದು ಕಾಯ್ದೆಯಾಯಿತು.

ಮಸೂದೆಗಳು ಕನ್ನಡದಲ್ಲೂ ಸಿಗುತ್ತವೆ. ಪೂರ್ತಿ ಓದುವುದು ಕಷ್ಟ ಅನ್ನಿಸಿದರೆ ಕೊನೆಯಲ್ಲಿ ಬರುವ "ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ"ಯನ್ನು ಮೊದಲು ಓದಿ. ಯಾಕೆ ತರುತ್ತಿದ್ದೇವೆ ಅಂತ ಸರ್ಕಾರ ಅಲ್ಲಿ ಕೆಲವೇ ಸಾಲಲ್ಲಿ ಹೇಳಿರುತ್ತದೆ. ಆಮೇಲೆ "ಈ ಕಾಯ್ದೆ ಯಾರಿಗೆ ಅನ್ವಯಿಸುವುದಿಲ್ಲ" ಅನ್ನುವ ಸಾಲು ಹುಡುಕಿ. ವಾಟ್ಸಾಪ್ ವಿಡಿಯೊಗಳು ಬಿಟ್ಟುಬಿಡುವುದು ಸದಾ ಅದನ್ನೇ.

ಹೆಜ್ಜೆ 2: ನಿಮ್ಮ ಬಾಡಿಗೆಗೆ ಯಾವ ಕಾನೂನು, ತಿಳಿದುಕೊಳ್ಳಿ

ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. ಇದು ಎಲ್ಲ ಬಾಡಿಗೆದಾರರಿಗೂ ಅನ್ವಯಿಸುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಬೇರೆ ಕಡೆ 2,000 ದಾಟಿದ ಬಾಡಿಗೆಯ ಮನೆಗಳನ್ನು ಈ ಕಾಯ್ದೆ ಹೊರಗಿಟ್ಟಿದೆ. ಈಗ ಬೆಂಗಳೂರಿನಲ್ಲಿ 3,500ಕ್ಕೆ ಮನೆ ಎಲ್ಲಿದೆ ಹೇಳಿ! ಅಕ್ಕನ ಒಂದು ರೂಮು, ಅಡುಗೆಮನೆಯ ಗೂಡೂ ಇದರಿಂದ ಹೊರಗೆ. 2025ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಕೈಗೆತ್ತಿಕೊಂಡಾಗಲೂ ಒತ್ತು ಇದ್ದದ್ದು ಜೈಲು ಶಿಕ್ಷೆ ತೆಗೆದು ದಂಡ ಹೆಚ್ಚಿಸುವುದರ ಮೇಲೆ.

ಹಾಗಾದರೆ ಉಳಿದವರಿಗೆ ಯಾವುದು? 1882ರ ಆಸ್ತಿ ವರ್ಗಾವಣೆ ಕಾಯ್ದೆ, ಜೊತೆಗೆ ನೀವು ಸಹಿ ಹಾಕಿದ ಕರಾರು ಪತ್ರ. ಕರಾರಿನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆ ಖಾಲಿ ಮಾಡಿಸಲು 15 ದಿನದ ನೋಟಿಸ್ ಸಾಕು. ಅಂದರೆ ಕಾನೂನು ನಿಮಗೆ ಕೊಡುವುದು ಹದಿನೈದೇ ದಿನ. ಅದಕ್ಕಿಂತ ಹೆಚ್ಚು ಬೇಕಾದರೆ ಕರಾರಿನಲ್ಲೇ ಬರೆಸಿಕೊಳ್ಳಬೇಕು. ನೋಟಿಸ್ ಮುಗಿದರೂ ಓನರ್ ತಾವೇ ಬೀಗ ಹಾಕಿ ಸಾಮಾನು ಹೊರಗೆ ಎಸೆಯುವ ಹಾಗಿಲ್ಲ, ಕೋರ್ಟಿಗೆ ಹೋಗಬೇಕು. ಹಾಗೆ ಬಲವಂತದಿಂದ ಹೊರಹಾಕಿದರೆ ಆರು ತಿಂಗಳೊಳಗೆ ಸ್ವಾಧೀನ ವಾಪಸ್ ಕೇಳಿ ದಾವೆ ಹಾಕಬಹುದು.

ಹೆಜ್ಜೆ 3: ಕರಾರು ಪತ್ರ, ಹಾಲುಕ್ಕಿಸಿದ ದಿನದ ಫೋಟೊ

11 ತಿಂಗಳ ಕರಾರು ಯಾಕೆ ಗೊತ್ತಾ? ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು ಅನ್ನುತ್ತದೆ 1908ರ ನೋಂದಣಿ ಕಾಯ್ದೆ. ಅದನ್ನು ತಪ್ಪಿಸಲು ಹನ್ನೊಂದು. ತಪ್ಪೇನಿಲ್ಲ. ಆದರೆ ಇ-ಸ್ಟಾಂಪ್ ಇರಲಿ, ಎರಡೂ ಕಡೆ ಸಹಿ ಇರಲಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಕರಾರಿನಲ್ಲಿ ಬಾಡಿಗೆ ಎಷ್ಟು ಅನ್ನುವುದು ಹೇಗೂ ಇರುತ್ತದೆ. ಇಲ್ಲದಿರುವುದು ಬೇರೆ ಮಾತುಗಳು. ಅಡ್ವಾನ್ಸ್ ಎಷ್ಟು, ಯಾವ ದಿನ ಹೇಗೆ ಕೊಟ್ಟಿರಿ, ಮನೆ ಬಿಟ್ಟ ಎಷ್ಟು ದಿನದೊಳಗೆ ವಾಪಸ್, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಎರಡೂ ಕಡೆಯವರು ಎಷ್ಟು ದಿನ ಮುಂಚೆ ಹೇಳಬೇಕು. ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಹಿಡಿಯುವುದು ಬೆಂಗಳೂರಿನ ರೂಢಿ, ಕಾನೂನಲ್ಲ. ಎರಡು ವರ್ಷದೊಳಗೆ ಬಿಟ್ಟರೆ ಅರ್ಧ ಅಂತ ಕೇಳಿ ನೋಡಿ. ಎಷ್ಟೋ ಓನರ್‌ಗಳು ಒಪ್ಪುತ್ತಾರೆ. ಸಂಕೋಚದಿಂದ ನಾವೇ ಕೇಳುವುದಿಲ್ಲ.

ಅಡ್ವಾನ್ಸ್ ನಗದಾಗಿ ಕೊಡಬೇಡಿ. ಬ್ಯಾಂಕಿನಿಂದ ಕಳಿಸಿ, "ಮನೆ ಅಡ್ವಾನ್ಸ್" ಅಂತ ನಮೂದಿಸಿ. ನಗದೇ ಬೇಕು ಅಂದರೆ ರಸೀದಿ ಇಲ್ಲದೆ ಕೈ ಬಿಡಬೇಡಿ.

ನನ್ನ ಅನುಭವ ಒಂದು ಹೇಳುತ್ತೇನೆ. ಮೂರು ವರ್ಷ ಇದ್ದ ಮನೆ ಬಿಟ್ಟಾಗ ಅಡುಗೆಮನೆ ಗೋಡೆಯ ನೀರಿನ ಕಲೆಗೆ ಅಂತ ಓನರ್ ಎರಡು ತಿಂಗಳ ಬಾಡಿಗೆ ಹಿಡಿದರು. ಆ ಕಲೆ ನಾವು ಬರುವ ಮೊದಲೇ ಇತ್ತು. ಸಾಕ್ಷಿ ಎಲ್ಲಿಂದ ತರುವುದು? ಹೆಂಡತಿ ಫೋನ್ ತಡಕಾಡಿ ಮನೆಗೆ ಬಂದ ಮೊದಲ ದಿನ ಹಾಲುಕ್ಕಿಸಿದ ಫೋಟೊ ಹುಡುಕಿ ತೋರಿಸಿದಳು. ಉಕ್ಕುತ್ತಿರುವ ಪಾತ್ರೆ, ಪಕ್ಕದಲ್ಲಿ ಅತ್ತೆ. ಅತ್ತೆಯ ಭುಜದ ಹಿಂದೆ ಅದೇ ಕಲೆ, ಕೆಳಗೆ ತಾರೀಖು. ಓನರ್ ಒಂದು ನಿಮಿಷ ನೋಡಿದರು, ದುಡ್ಡು ವಾಪಸ್ ಕೊಟ್ಟರು. ಅವತ್ತಿನಿಂದ ಯಾರೇ ಮನೆ ಬದಲಿಸಿದರೂ ಸಾಮಾನು ಇಳಿಸುವ ಮೊದಲೇ ಗೋಡೆ, ನಲ್ಲಿ, ಬಾಗಿಲು, ಕರೆಂಟ್ ಮೀಟರ್ ಎಲ್ಲದರ ಫೋಟೊ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ ಅನ್ನುತ್ತೇನೆ. ಬಿಡುವ ದಿನವೂ ಹಾಗೇ.

ಲೀಸ್‌ಗೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುತ್ತೀರಿ. ಓನರ್ ಆ ಮನೆ ಮೇಲೆ ಬ್ಯಾಂಕ್ ಸಾಲ ಮಾಡಿ ಕಟ್ಟದೇ ಇದ್ದರೆ? 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕಿನವರು ಮನೆ ವಶಕ್ಕೆ ತೆಗೆದುಕೊಳ್ಳಲು ಬರುತ್ತಾರೆ. ಸಾಲ ಓನರ್‌ದು, ಬೀದಿಗೆ ಬರುವುದು ನೀವು. ಬಾಡಿಗೆದಾರರು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗುವ ದಾರಿಯನ್ನು 2016ರ ತಿದ್ದುಪಡಿ ಕೊಟ್ಟಿದೆ. ಆದರೆ ನೋಂದಣಿಯಾಗದ ಕಾಗದ ಹಿಡಿದು ಹೋದರೆ ವಾದ ಸಡಿಲ. ದುಡ್ಡು ಕೊಡುವ ಮುಂಚೆ ಋಣಭಾರ ಪ್ರಮಾಣ ಪತ್ರ, ಅದೇ ಇಸಿ ಅಂತಾರಲ್ಲ, ಅದನ್ನು ತೆಗೆಸಿ. ಮನೆ ಮೇಲೆ ಸಾಲ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಲೀಸ್ ಪತ್ರ ನೋಂದಣಿ ಮಾಡಿಸಿ.

ಹೆಜ್ಜೆ 4: ಸಾಲದ ಕಾರ್ಡ್ ಹೊರಗೆ ತೆಗೆಯಿರಿ

ಅಕ್ಕನ ಕಾರ್ಡ್ ದೇವರ ಗೂಡಿನ ಕೆಳಗೆ ಬಿಸ್ಕತ್ ಡಬ್ಬಿಯಲ್ಲಿತ್ತು. ಮೂಲೆ ಎಣ್ಣೆ ಕುಡಿದಿತ್ತು. ಮೇಲೆ ಕಂಪನಿಯ ಹೆಸರು ಇತ್ತು. ನೋಡಬೇಕಾದ್ದು ಮೊದಲು ಅದನ್ನೇ. ಕಂಪನಿ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾಗಿದೆಯಾ? ಪಟ್ಟಿ ರಿಸರ್ವ್ ಬ್ಯಾಂಕ್ ವೆಬ್‌ಸೈಟಿನಲ್ಲಿದೆ. ಮೊಬೈಲ್ ಬಳಸುವ ಮಕ್ಕಳಿಗೆ ಐದು ನಿಮಿಷದ ಕೆಲಸ.

ನೋಂದಣಿ ಇದ್ದರೆ ಸಾಲ ತೀರಿಸಲೇಬೇಕು. 2025ರ ರಾಜ್ಯ ಕಾಯ್ದೆ ಸಾಲ ತೀರಿತು ಅನ್ನುವುದು ನೋಂದಣಿ, ಲೈಸೆನ್ಸ್ ಎರಡೂ ಇಲ್ಲದವರು ಬಡವರಿಗೆ ಕೊಟ್ಟ ಸಾಲಕ್ಕೆ ಮಾತ್ರ. ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕ್ ನೋಂದಣಿ ಇರುವ ಕಂಪನಿಗಳಿಗೂ ಈ ಮನ್ನಾ ಇಲ್ಲ. ಬ್ಯಾಂಕಿಂಗ್ ಕೇಂದ್ರದ ವಿಷಯ, ರಾಜ್ಯದ ಕೈ ಅಷ್ಟು ದೂರ ಚಾಚುವುದಿಲ್ಲ. ಅಕ್ಕನ ಕಂಪನಿ ಪಟ್ಟಿಯಲ್ಲಿತ್ತು. ಅವರು ಕಂತು ನಿಲ್ಲಿಸಿದ್ದರೆ ಮುಂದೆ ಬ್ಯಾಂಕಿನಲ್ಲಿ ಸಾಲ ಸಿಗುವುದು ಕಷ್ಟವಾಗುತ್ತಿತ್ತು.

ಹಾಗಂತ ನೋಂದಣಿ ಇರುವವರು ಮನಸ್ಸಿಗೆ ಬಂದ ಹಾಗೆ ವಸೂಲಿ ಮಾಡುವ ಹಾಗಿಲ್ಲ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮ ಇದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಅಡಮಾನ ಇಲ್ಲದೆ ಕೊಟ್ಟದ್ದು ಮೈಕ್ರೋ ಫೈನಾನ್ಸ್ ಸಾಲ. ಇದೂ ಸೇರಿ ಮನೆಯ ಎಲ್ಲ ಸಾಲಗಳ ಕಂತು ತಿಂಗಳ ಆದಾಯದ ಅರ್ಧ ದಾಟಬಾರದು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕಬಾರದು. ಕಂತು ತಡವಾದರೆ ದಂಡ ಬಾಕಿ ಉಳಿದ ಕಂತಿನ ಮೇಲೆ ಮಾತ್ರ, ಇಡೀ ಸಾಲದ ಮೇಲಲ್ಲ. ಕಾರ್ಡ್ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅಕ್ಕನ ಕಾರ್ಡ್ ಕನ್ನಡದಲ್ಲಿತ್ತು, ಆದರೆ ಕಟ್ಟಿದ ಆರು ಕಂತು ಅದರಲ್ಲಿ ಬರೆದೇ ಇರಲಿಲ್ಲ. ಮುಂದಿನ ಮೀಟಿಂಗ್‌ನಲ್ಲಿ ಬರೆಸಿಕೊಂಡರು.

ಹೆಜ್ಜೆ 5: ಬಾಗಿಲಿಗೆ ಬಂದರೆ

ಕಂತು ಕಟ್ಟುವ ಜಾಗ ಇಬ್ಬರೂ ಒಪ್ಪಿದ ಒಂದು ಕಡೆ ಇರಬೇಕು. ಸತತ ಎರಡು ಸಲ ನೀವು ಅಲ್ಲಿಗೆ ಹೋಗದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಮೈಕ್ರೋ ಫೈನಾನ್ಸ್‌ನವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡುವ ಹಾಗಿಲ್ಲ. ಬೇರೆ ಸಾಲಗಳಿಗೆ ಬೆಳಿಗ್ಗೆ 8, ಸಂಜೆ 7. ಬೈಯುವುದು, ಹೆದರಿಸುವುದು, ನೆಂಟರಿಗೆ ಅಕ್ಕಪಕ್ಕದವರಿಗೆ ಕಾಟ ಕೊಡುವುದು, ಊರಿಗೆಲ್ಲ ಹೆಸರು ಹಾಕುವುದು ಯಾವುದೂ ಇಲ್ಲ.

ಆದರೂ ಬಂದರು ಅಂದುಕೊಳ್ಳಿ. ಕಿರುಚಾಡಬೇಡಿ. ಹೆಸರು ಕೇಳಿ, ಗುರುತಿನ ಚೀಟಿ ಕೇಳಿ. ಫೋನ್‌ನಲ್ಲಿ ರೆಕಾರ್ಡ್ ಮಾಡಿ. ತಾರೀಖು, ಹೊತ್ತು, ಅಂದ ಮಾತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ರೇಷನ್ ಕಾರ್ಡ್, ಆಧಾರ್, ಖಾಲಿ ಚೆಕ್ ಕೇಳಿದರೆ ಕೊಡಬೇಡಿ. ಹೊಡೆತ, ಬೆದರಿಕೆ ಇದ್ದರೆ 112ಕ್ಕೆ ಕರೆ ಮಾಡಿ. ಇಲ್ಲದಿದ್ದರೆ ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಹೇಗೆ ಅಂತ 14448ಕ್ಕೆ ಕರೆ ಮಾಡಿ ಕೇಳಿ. ಫೀಸಿಲ್ಲ.

ಸಾಲ ಕೊಟ್ಟವರು ನೋಂದಣಿ ಇಲ್ಲದ ಮೀಟರ್ ಬಡ್ಡಿಯವರಾದರೆ ನೇರ ಪೊಲೀಸ್ ಠಾಣೆ. ಹೊಸ ಕಾಯ್ದೆಯಲ್ಲಿ ಇದು ಜಾಮೀನು ಸಿಗದ ಅಪರಾಧ. ಕೇಸ್ ತಗೊಳ್ಳಲ್ಲ ಅನ್ನುವ ಹಾಗೂ ಇಲ್ಲ.

ವಕೀಲರ ಫೀಸಿಗೆ ಹೆದರಿ ಸುಮ್ನೆ ಕೂರುವವರೇ ಜಾಸ್ತಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಪರಿಶಿಷ್ಟ ಜಾತಿ ಪಂಗಡದವರಿಗೂ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ನಂಬರ್ 15100. ಅಡ್ವಾನ್ಸ್ ವಾಪಸ್ ಕೊಡದ ಓನರ್ ಜೊತೆ ರಾಜಿಗೂ ಅಲ್ಲಿಗೇ ಅರ್ಜಿ ಹಾಕಬಹುದು.

ಹೆಜ್ಜೆ 6: ಶಾಸಕರಿಗೆ ಒಂದು ಪುಟ ಬರೆಯಿರಿ

ಇದನ್ನು ಯಾರೂ ಮಾಡುವುದಿಲ್ಲ. ಮಾಡಬೇಕು. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಒಂದಿದೆ. ವಾಸದ ಮನೆಗೆ ಎರಡೇ ತಿಂಗಳ ಅಡ್ವಾನ್ಸ್. ಮನೆಯೊಳಗೆ ಬರಲು ಓನರ್ 24 ಗಂಟೆ ಮುಂಚೆ ಹೇಳಬೇಕು. ಜಗಳ ಬಂದರೂ ನೀರು, ಕರೆಂಟ್ ಕಡಿಯಬಾರದು. ಓನರ್‌ಗೂ ರಕ್ಷಣೆ ಇದೆ. ಅವಧಿ ಮುಗಿದರೂ ಬಿಡದ ಬಾಡಿಗೆದಾರ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಕಟ್ಟಬೇಕು. ಇದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಬಾಡಿಗೆಯನ್ನೇ ನಂಬಿದ ವಯಸ್ಸಾದ ಓನರ್‌ಗಳ ಭಯ ನನಗೆ ಗೊತ್ತು. ಬಾಡಿಗೆ ಕಟ್ಟದವನನ್ನು ಬಿಡಿಸಲು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಲ್ಲ ಅಂತ ಅವರು ದೊಡ್ಡ ಅಡ್ವಾನ್ಸ್ ಕೇಳುತ್ತಾರೆ. ಕೋರ್ಟಿನ ಅಲೆದಾಟ ಕಡಿಮೆ ಆದರೆ ಆ ಭಯವೂ ಕಡಿಮೆ ಆಗುತ್ತದೆ. ಅಡ್ವಾನ್ಸ್‌ಗೆ ಮಿತಿ ಬರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಿತಿ ಎರಡು ತಿಂಗಳು ಆಗಿದ್ದರೆ ಅಕ್ಕ ಕೊಡಬೇಕಿದ್ದದ್ದು 16,000. ಸಂಘದ ಸಾಲವೇ ಬೇಕಿರಲಿಲ್ಲ.

ಪತ್ರ ಕನ್ನಡದಲ್ಲೇ ಇರಲಿ, ಒಂದೇ ಪುಟ ಇರಲಿ. ಮೇಲೆ ವಿಷಯ, ಆಮೇಲೆ ನಿಮ್ಮ ಬಾಡಿಗೆ, ಅಡ್ವಾನ್ಸ್, ಕಂತಿನ ಲೆಕ್ಕ, ಕೊನೆಗೆ ಏನು ಬೇಕು ಅನ್ನುವ ಒಂದೇ ಬೇಡಿಕೆ. ಅಧಿವೇಶನ ಶುರುವಾಗುವ ಮುಂಚೆ ಶಾಸಕರ ಕಚೇರಿಗೆ ಕೊಟ್ಟು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಹೂವಿನ ಅಕ್ಕನ ಪತ್ರ ನಾನೇ ಬರೆದುಕೊಟ್ಟೆ. ಸೀಲು ಬಿದ್ದ ಪ್ರತಿ ಈಗ ಆ ಬಿಸ್ಕತ್ ಡಬ್ಬಿಯಲ್ಲಿ, ಸಾಲದ ಕಾರ್ಡಿನ ಪಕ್ಕದಲ್ಲೇ ಇದೆ.